ಯಜಮಾನರ ಕಣ್ಣು

"ಏ ಮುಂಡೇದೆ, ಕಾಲೆತ್ತೇ. ಯಜಮಾನರ ಕಣ್ಣು ತುಳ್ಕೊಂಡು ಕೂತಿದ್ದೀಯ, ಎತ್ತು ಮೊದಲು."

ಕಣ್ಣಕ್ಕ ಕಾಲೆತ್ತಿದಳು. ಎತ್ತಿದ ಕಾಲನ್ನು ಮತ್ತೆ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡಳು. ಅವಳ ಸ್ಟೂಲಿನ ಸುತ್ತ ಎಲ್ಲಿ ನೋಡಿದರೂ ಕಣ್ಣೇ.

ರಟ್ಟಿನ ಮುಖವಾಡ ಮಾಡುವ ಆ ಕಾರ್ಖಾನೆಯಲ್ಲಿ ಕಣ್ಣಿನ ತೂತು ಹೊಡೆಯುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ರಟ್ಟನ್ನು ಪ್ರೆಸ್ಸಿನಡಿ ಇಟ್ಟು ಹಿಡಿಯನ್ನು ಒಮ್ಮೆ ಜಗ್ಗಿದರೆ ಟಕ್ ಎಂದು ಎರಡೂ ಕಣ್ಣು ಕಳಚಿ ಕೆಳಗುರುಳುತ್ತಿದ್ದವು, ಅಂಗಿಯ ಗುಂಡಿಯಂಥ ಬಿಲ್ಲೆಗಳಾಗಿ. ಮೊದಲು ಮಕ್ಕಳ ಆಟಕ್ಕೆಂದು ಹುಲಿ, ಮೊಲ, ಕೋತಿಗಳ ಮುಖ ಬರುತ್ತಿತ್ತು. ಹುಲಿಯ ಕಣ್ಣು ಕಾಲಿಗೆ ಸಿಕ್ಕರೆ ಯಾರೂ ಬೈಯುತ್ತಿರಲಿಲ್ಲ. ಈಗ ಬರುವುದೆಲ್ಲ ಯಜಮಾನರ ಮುಖ.

ಯಜಮಾನರು ಎಂದರೆ ನಾಡನ್ನಾಳುವ ನಾಯಕರು. ಆ ಹೆಸರು ಬಂದ ಮೇಲೆ ಕಾರ್ಖಾನೆಯ ಹೆಂಗಸರಿಗೆ ಒಂದು ಕಷ್ಟವಾಗಿತ್ತು. ತಮ್ಮ ತಮ್ಮ ಗಂಡಂದಿರನ್ನು "ನಮ್ಮ ಯಜಮಾನರು" ಎನ್ನುವ ಹಾಗಿರಲಿಲ್ಲ. ನಮ್ಮ ಯಜಮಾನರು ರಾತ್ರಿ ಗೊರಕೆ ಹೊಡೆದು ನಿದ್ದೆಗೆಡಿಸಿದರು ಎಂದು ಬಾಯಿ ಜಾರಿ ಹೇಳಿದವಳೊಬ್ಬಳ ಮನೆಗೆ ಪಕ್ಷದವರು ಹೋಗಿ ಬಾಗಿಲು ಬಡಿದಿದ್ದರು. ಅಂದಿನಿಂದ ಎಲ್ಲರ ಗಂಡಂದಿರೂ "ನಮ್ಮನೇದು" ಆಗಿದ್ದರು.

ಬೈದವನು ಶಾಲಿನವನು. ಬಡಾವಣೆಯ ಪಕ್ಷದ ಮುಖಂಡ. ಬೆವರು ಧಾರೆಯಾಗಿ ಇಳಿಯುವ ಸೆಕೆಯಲ್ಲೂ ಪಕ್ಷದ ಶಾಲನ್ನು ಹೆಗಲಿಂದ ಇಳಿಸದವನು. ಅವನು ಬಗ್ಗಿ, ಕಣ್ಣಕ್ಕನ ಹಿಮ್ಮಡಿಗೆ ಅಂಟಿದ್ದ ಒಂದು ಕಣ್ಣನ್ನು ಬಿಡಿಸಿ, ಭಕ್ತಿಯಿಂದ ತನ್ನ ಹಣೆಗೆ ಒತ್ತಿಕೊಂಡ. ಬೆವರಿಗೆ ಅದು ಹಣೆಯಲ್ಲೇ ಕೂತುಬಿಟ್ಟಿತು. ಅವನಿಗೆ ಗೊತ್ತಾಗಲಿಲ್ಲ. ಮೇಸ್ತ್ರಿಗೆ ಗೊತ್ತಾಯಿತು, ಹೇಳುವ ಧೈರ್ಯ ಬರಲಿಲ್ಲ.

ಗೋಂದಿನ ಡಬ್ಬಿ ಕಲಕುತ್ತಿದ್ದ ಮುದುಕಿ, ಎಲ್ಲರೂ ಗೋಂದಜ್ಜಿ ಎನ್ನುವವಳು, ಡಬ್ಬಿಯೊಳಗೆ ಮುಖ ಹಾಕಿ ಗೊಣಗಿದಳು. "ನೋಡ್ರೇ, ಹೆಚ್ಚಿಗೆ ಒಂದು ಕಣ್ಣು ಬಂತು. ಆದ್ರೂ ಏನೂ ಕಾಣಲ್ಲ ಬೋಳಿಮಗನಿಗೆ."

ಸಾಲಿನುದ್ದಕ್ಕೂ ಹೆಂಗಸರು ಕೆಮ್ಮತೊಡಗಿದರು. ನಗು ತಡೆಯಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಶಾಲಿನವನು ಕಣ್ಣಕ್ಕನನ್ನು ಮಂಡಿಯೂರಿಸಿದ. ಒಂದೊಂದು ಕಣ್ಣಿಗೂ ತಪ್ಪಾಯ್ತು ಎಂದು ಹೇಳಿ ಎತ್ತಬೇಕು, ಪೊರಕೆ ಮುಟ್ಟಿಸಬಾರದು. ಅವಳು ಶುರುಮಾಡಿದಳು. ತಪ್ಪಾಯ್ತು, ತಪ್ಪಾಯ್ತು, ತಪ್ಪಾಯ್ತು. ಸಿಮೆಂಟು ನೆಲ ಮಂಡಿಗೆ ಚುಚ್ಚುತ್ತಿತ್ತು, ಮುಖ ಕೆಂಡವಾಗಿತ್ತು. ಆದರೆ ಅಷ್ಟು ಸಲ ಹೇಳಿದ ಮೇಲೆ ಆ ಮಾತಿಗೆ ಅರ್ಥವೇ ಉಳಿಯದೆ ಕಪ್ಪೆ ಕೂಗಿದ ಹಾಗೆ ಕೇಳಿಸತೊಡಗಿತು. ಪ್ಯಾಕಿಂಗ್ ಮೂಲೆಯಿಂದ ಇನ್ನೊಂದು ಕೆಮ್ಮು ಎದ್ದಿತು. ಕಣ್ಣಕ್ಕನ ಹೊಟ್ಟೆಯೊಳಗಿನಿಂದಲೂ ನಗು ಉಕ್ಕಿ ಬಂತು, ಅವಳು ಅದನ್ನು ಅಳುವಿನ ಹಾಗೆ ತಿರುಗಿಸಿ ಹೊರಗೆ ಬಿಟ್ಟಳು. ಶಾಲಿನವನಿಗೆ ಸಮಾಧಾನವಾಯಿತು.

ಆಮೇಲೆ ಅವನು ಗೋಡೆಯತ್ತ ತಿರುಗಿ ತುಸು ಹೊತ್ತು ನಿಂತ. ದೊಡ್ಡ ಯೋಚನೆ ಬಂದಾಗ ಅವನು ಹಾಗೆ ನಿಲ್ಲುವುದಂತೆ. ತಪ್ಪಿರುವುದು ಕಣ್ಣು ಕೆಳಗೆ ಬಿದ್ದದ್ದರಲ್ಲಲ್ಲ, ಕಿತ್ತದ್ದರಲ್ಲೇ ಎಂದ. ಯಜಮಾನರ ಕಣ್ಣಿಗೆ ಕಬ್ಬಿಣ ಇಳಿಸುವುದೆಂದರೇನು? ಬರುವ ಮೆರವಣಿಗೆಗೆ ಒಂದೇ ಒಂದು ತೂತೂ ಇಲ್ಲದ ಮುಖವಾಡ ತಯಾರಾಗಬೇಕು.

ಮಾಲೀಕ ಹೌದೆಂದ. ಮೇಸ್ತ್ರಿ ಹೌದು ಹೌದೆಂದ.

"ಹಾಕ್ಕೊಂಡವರಿಗೆ ದಾರಿ ಕಾಣಬೇಕಲ್ಲ ಸ್ವಾಮಿ," ಎಂದಳು ಕಣ್ಣಕ್ಕ, ಇನ್ನೂ ಮಂಡಿಯ ಮೇಲೆಯೇ.

"ಯಜಮಾನರು ನೋಡ್ತಾರೆ. ನೀನ್ಯಾವಳೇ ನೋಡೋಕೆ?"

ಅಲ್ಲೇ ಒಂದು ಪರೀಕ್ಷೆಯೂ ನಡೆಯಿತು. ತೂತಿಲ್ಲದ ಮುಖವಾಡವನ್ನು ಮೇಸ್ತ್ರಿಯ ಮುಖಕ್ಕೆ ಕಟ್ಟಿ, ಕಾಣುತ್ತದೋ ಇಲ್ಲವೋ ಎಂದು ಶಾಲಿನವನು ಕೇಳಿದ. ಚೆನ್ನಾಗಿಯೇ ಕಾಣುತ್ತದೆ, ಮೊದಲಿಗಿಂತ ಸ್ಪಷ್ಟ ಎಂದು ಹೇಳಿ ಮೇಸ್ತ್ರಿ ಎದೆಯುಬ್ಬಿಸಿ ನಡೆದು ಗೋಂದಿನ ಡಬ್ಬಿಯಲ್ಲಿ ಕಾಲಿಟ್ಟ. ಕಾಲು ಕಿತ್ತುಕೊಳ್ಳಲಾಗದೆ ಡಬ್ಬಿಯ ಸಮೇತ ಕುಂಟುತ್ತ ಇನ್ನೂ ನಾಲ್ಕು ಹೆಜ್ಜೆ ಹಾಕಿದ, ಕಾಣುತ್ತದೆ, ಕಾಣುತ್ತದೆ ಎನ್ನುತ್ತಲೇ. ಶಾಲಿನವನು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಬೇಕಾಯಿತು. ಗೋಂದಜ್ಜಿ ತನ್ನ ಡಬ್ಬಿಯನ್ನೇ ನೋಡುತ್ತ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಪ್ರೆಸ್ಸಿಗೆ ಬೀಗ ಬಿತ್ತು. ಕಣ್ಣಕ್ಕನನ್ನು ರಬ್ಬರ್ ದಾರ ಪಿನ್ನು ಮಾಡುವ ಕೆಲಸಕ್ಕೆ ಹಾಕಿದರು. ಪ್ರೆಸ್ಸಿನ ಬಾಯಲ್ಲಿದ್ದ ಎರಡು ಅಚ್ಚುಗಳನ್ನು ಅವಳು ಬೀಗ ಹಾಕುವ ಮೊದಲೇ ಕಳಚಿ ಕೆಲಸದ ಅಂಗಿಯ ಜೇಬಿಗೆ ಇಳಿಸಿದ್ದಳು. ಬೆರಳುದ್ದದ ಉಕ್ಕಿನ ಕೊಳವೆಗಳು, ತುದಿ ಬ್ಲೇಡಿನ ಹಾಗೆ. ಅಷ್ಟು ದಿನ ತನ್ನ ಕೈಯಾರೆ ಸಾಣೆ ಹಿಡಿದವು ತುಕ್ಕು ಹಿಡಿಯಬಾರದೆಂದು ಎತ್ತಿಟ್ಟುಕೊಂಡಳು, ಅಷ್ಟೇ.

ಮನೆಗೆ ಬಂದರೆ ಅಲ್ಲೂ ಯಜಮಾನರು. ಗೋಡೆಯ ಮೇಲೆ, ಕನ್ನಡಿಯ ಮೂಲೆಯಲ್ಲಿ, ನೀರಿನ ಹೂಜಿಯ ಮುಚ್ಚಳದ ಮೇಲೆ. ಎಲ್ಲ ಅವಳ ಗಂಡ ಅಂಟಿಸಿದ್ದು.

ಅವನು ದಿನಸಿ ಮಂಡಿಯಲ್ಲಿ ಮೂಟೆ ಹೊರುವವನು. ಅವನ ನಗೆ ಕೇಳಿಯೇ ಅವಳು ಅವನನ್ನು ಒಪ್ಪಿದ್ದು. ಅದೆಂಥ ನಗೆಯೆಂದರೆ, ಬೆನ್ನ ಮೇಲೆ ಮೂಟೆ ಇದ್ದಾಗ ನಗು ಬಂದರೆ ಮೂಟೆಯೂ ಅವನೂ ಕೂಡಿ ಕುಲುಕಿ, ನೋಡಿದವರು ಮೂಟೆಯೇ ನಗುತ್ತಿದೆ ಎನ್ನುತ್ತಿದ್ದರು. ಬೇರೆ ಬೇರೆ ನಾಯಕರು ಹೇಗೆ ಕೆಮ್ಮುತ್ತಾರೆ, ಹೇಗೆ ಕೈ ಬೀಸುತ್ತಾರೆ ಎಂದು ಮಾಡಿ ತೋರಿಸಿ ಕೇರಿಗೆ ಕೇರಿಯೇ ಹೊಟ್ಟೆ ಹಿಡಿದು ಕೂರುವಂತೆ ಮಾಡುತ್ತಿದ್ದ. ಯಜಮಾನರು ಬಂದ ಮೇಲೆ ಅದು ನಿಂತಿತು. ಮೊದಲು ಅವರ ಬಗ್ಗೆ ತಮಾಷೆ ಬೇಡ ಎಂದ. ಆಮೇಲೆ ಯಾರ ಬಗ್ಗೆಯೂ ಬೇಡ ಎಂದ. ಯಜಮಾನರ ಭಾಷಣ ಉದ್ದವಾಯಿತು ಎಂದದ್ದಕ್ಕೆ ಸ್ವಂತ ಅಣ್ಣನ ಮನೆಗೆ ಹೋಗುವುದನ್ನೇ ಬಿಟ್ಟ. ನಲ್ಲಿಯಲ್ಲಿ ನೀರು ಬಂದರೆ ಯಜಮಾನರು ಬಿಟ್ಟರು ಎನ್ನುತ್ತಿದ್ದ, ಬರದಿದ್ದರೆ ಅವರಿಗೆ ಗೊತ್ತಿಲ್ಲದೆ ಯಾರೋ ಹಲ್ಕಾ ನನ್ಮಕ್ಕಳು ತಡೆದರು ಎನ್ನುತ್ತಿದ್ದ. ಕೂಲಿ ಕಡಿಮೆಯಾದದ್ದನ್ನು ಅವಳು ಕೇಳಿದರೆ, ನಿನ್ನಂಥವರಿಂದಲೇ ಯಜಮಾನರಿಗೆ ನಿದ್ದೆಯಿಲ್ಲ ಎಂದು ಮುಖ ತಿರುಗಿಸುತ್ತಿದ್ದ.

ಕಣ್ಣಕ್ಕನಿಗೆ ಬೇರೇನೂ ಬೇಕಿರಲಿಲ್ಲ. ಆ ನಗುವ ಗಂಡಸು ಬೇಕಿತ್ತು.

ಅವತ್ತು ಸಂಜೆ ಅವಳ ಜಡೆಯಲ್ಲಿ, ಬುತ್ತಿಯ ಡಬ್ಬಿಯಲ್ಲಿ ಸಿಕ್ಕಿಕೊಂಡು ಬಂದ ಕಣ್ಣುಗಳನ್ನು ಪುಟ್ಟ ಮಗಳು ಆರಿಸಿ, ಮರದ ಗೊಂಬೆಯ ಮೈತುಂಬ ಅಂಟಿಸಿದ್ದಳು. ಹೊಟ್ಟೆಗೊಂದು, ಬೆನ್ನಿಗೊಂದು, ಕುಂಡೆಗೆರಡು. ಕಣ್ಣಕ್ಕ ಅದನ್ನು ನೋಡಿ ಬಾಗಿಲಿಗೊರಗಿ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಳು. ಮೊದಲಿನ ಗಂಡನಾಗಿದ್ದರೆ ಗೊಂಬೆಯನ್ನು ತಲೆಯ ಮೇಲೆ ಕೂರಿಸಿಕೊಂಡು ಕೇರಿ ಸುತ್ತುತ್ತಿದ್ದ. ಇವನು ಬಂದವನೇ ಗೊಂಬೆಯನ್ನು ಕಸಿದು, ಒಂದೊಂದೇ ಕಣ್ಣನ್ನು ಉಗುರಿನಿಂದ ಬಿಡಿಸಿ, ತೊಳೆದು, ಒರೆಸಿ, ಡಬ್ಬಿಗೆ ಹಾಕಿಟ್ಟ. ಮಗಳು ಅಳಲಿಲ್ಲ. ಅಪ್ಪನ ಮುಖವನ್ನೇ, ಯಾರೋ ಅಪರಿಚಿತರು ಮನೆಗೆ ಬಂದ ಹಾಗೆ ನೋಡಿದಳು.

ಮೆರವಣಿಗೆಯಲ್ಲಿ ಅವನಿಗೆ ಮುಂದಿನ ಸಾಲು ಸಿಕ್ಕಿತ್ತು. ಮುಖವಾಡವನ್ನು ಎದೆಗವಚಿಕೊಂಡು ತಂದಿದ್ದ. ಆ ದಿನ ಮುಂಜಾನೆ ಹೊರಡುವಾಗ ಕಣ್ಣಕ್ಕ ಬಾಗಿಲಲ್ಲಿ ಅಡ್ಡ ನಿಂತಳು.

"ರೀ, ಒಂದು ಸಣ್ಣ ತೂತು ಮಾಡಿಕೊಡ್ತೀನಿ. ಜೀರಿಗೆಯಷ್ಟು. ಯಾರಿಗೂ ತಿಳಿಯಲ್ಲ."

"ಕೈ ತೆಗಿ."

"ಬಿದ್ದು ಗಿದ್ದು ಸೊಂಟ ಮುರ್ಕೊಂಡ್ರೆ ಮೂಟೆ ಯಾರು ಹೊರ್ತಾರೆ? ನಿಮ್ಮ ಯಜಮಾನರು ಹೊರ್ತಾರಾ?"

ಅವನು ಕೈಯೆತ್ತಿದ. ಹೊಡೆಯಲಿಲ್ಲ. ಎತ್ತಿದ ಕೈ ತನ್ನದಲ್ಲವೇನೋ ಎಂಬಂತೆ ಒಮ್ಮೆ ಅದನ್ನು ನೋಡಿ ಇಳಿಸಿ, ಹೋದ.

ಕಾರ್ಖಾನೆಯ ಹೆಂಗಸರನ್ನು ಚಪ್ಪಾಳೆ ತಟ್ಟುವುದಕ್ಕೆಂದು ಕೆಲಸದ ಅಂಗಿಯಲ್ಲೇ ಲಾರಿಯಲ್ಲಿ ತುಂಬಿ ಮೈದಾನಕ್ಕೆ ತಂದು ನಿಲ್ಲಿಸಿದ್ದರು. ವೇದಿಕೆಯ ಪಕ್ಕದಲ್ಲಿ ತೆಂಗಿನ ಮರದಷ್ಟು ಎತ್ತರದ ಯಜಮಾನರ ಕಟೌಟು, ಅದರ ಮುಂದೆ ಅವರ ಪ್ರತಿಮೆಗೆಂದು ತೋಡಿದ ಅಡಿಪಾಯದ ಹಳ್ಳ, ಹಳ್ಳದಲ್ಲಿ ಸೊಂಟದವರೆಗೆ ಕೆಸರು. ಯಜಮಾನರು ಬರುವುದು ತಡವಾಗಿತ್ತು. ಬರುವುದೇ ಇಲ್ಲ ಎಂದೂ ಕೆಲವರು ಪಿಸುಗುಡುತ್ತಿದ್ದರು.

ಆಗ ರಸ್ತೆಯ ತಿರುವಿನಲ್ಲಿ ಮೆರವಣಿಗೆ ಕಾಣಿಸಿತು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟ ನೂರಾರು ಯಜಮಾನರು, ಎಲ್ಲರೂ ಒಂದೇ ನಗೆ ನಗುತ್ತ ತಡವರಿಸಿಕೊಂಡು ಬರುತ್ತಿದ್ದರು. ಒಬ್ಬ ಯಜಮಾನ ದೀಪದ ಕಂಬವನ್ನು ತಬ್ಬಿ ಕ್ಷಮೆ ಕೇಳಿದ. ಇನ್ನೊಬ್ಬ ಸಾಲು ತಪ್ಪಿ ಅಂಗಡಿಯೊಳಗೆ ಹೋಗಿ ಅಲ್ಲಿಂದಲೇ ಜಯಕಾರ ಹಾಕಿದ. ಯಜಮಾನರಿಗೆ ಜಯವಾಗಲಿ ಎಂಬ ಕೂಗು ನಾಲ್ಕೂ ದಿಕ್ಕಿಗೆ ಮುಖ ಮಾಡಿ ಏಳುತ್ತಿತ್ತು. ಗೋಂದಜ್ಜಿ ಕಣ್ಣಕ್ಕನ ಭುಜ ಹಿಡಿದುಕೊಂಡು, ನಗು ತಡೆಯಲಾರದೆ ನನಗೆ ಉಚ್ಚೆ ಬರುತ್ತದೆ ಕಣೇ ಎಂದಳು.

ಶಾಲಿನವನು ಮಾತ್ರ ತನ್ನ ಮುಖವಾಡವನ್ನು ನೆತ್ತಿಯ ಮೇಲಕ್ಕೆ ಸರಿಸಿಕೊಂಡಿದ್ದ. ವೇದಿಕೆಯ ಮೇಲೆ ನಿಂತು ಮೈಕಿನಲ್ಲಿ ಬಲಕ್ಕೆ, ಎಡಕ್ಕೆ, ನೇರ ಎನ್ನುತ್ತಿದ್ದ. ನಿಲ್ಲಿ ಎನ್ನುವವರೆಗೆ ಯಾರೂ ನಿಲ್ಲಬಾರದು, ತೆಗೆಯಿರಿ ಎನ್ನುವವರೆಗೆ ಯಾರೂ ಮುಖವಾಡ ತೆಗೆಯಬಾರದು ಎಂದು ಮೊದಲೇ ಅಪ್ಪಣೆಯಾಗಿತ್ತು. ನೇರ ಎಂದ ಹೊತ್ತಿಗೆ ಅವನಿಗೆ ಫೋನು ಬಂತು. ಮೇಲಿನವರದು. ಅವನು ಮೈಕು ಕೆಳಗಿಟ್ಟು, ಬೆನ್ನು ತಿರುಗಿಸಿ, ಫೋನಿಗೆ ನಡುಬಗ್ಗಿಸಿ ನಿಂತ.

ನಿಲ್ಲಿ ಎಂದು ಯಾರೂ ಹೇಳಲಿಲ್ಲ.

ಕಣ್ಣಕ್ಕ ಕೂಗಿದಳು. ಹೆಂಗಸರೆಲ್ಲ ಕೂಗಿದರು. ಜಯಕಾರದಲ್ಲಿ ಅದು ಮುಳುಗಿಹೋಯಿತು. ಮುಂದಿನ ಸಾಲು ನೇರವಾಗಿ ಬಂದು ಹಳ್ಳದೊಳಗಿಳಿಯಿತು. ಎರಡನೆಯದು ಅದರ ಮೇಲೆ, ಮೂರನೆಯದು ಎರಡನೆಯದರ ಮೇಲೆ. ಕೆಸರಿನೊಳಗಿಂದ ಜಯವಾಗಲಿ ಎಂಬ ಕೂಗು ಗುಳುಗುಳು ಎಂದು ಕೇಳಿಸಿತು. ಹಿಂದಿನ ಸಾಲಿನವರು ಅದಕ್ಕೆ ಇನ್ನೂ ಜೋರಾಗಿ ದನಿಗೂಡಿಸುತ್ತ ಬಂದು ಬಿದ್ದರು.

ಶಾಲಿನವನು ಫೋನಿಟ್ಟು ತಿರುಗಿದಾಗ ಹಳ್ಳ ತುಂಬಿತ್ತು. ಎದ್ದವರು ದಡದ ಮೇಲೆ ಕೂತಿದ್ದರು, ಕೈಕಾಲು ಉಳುಕಿದವರು ನರಳುತ್ತಿದ್ದರು. ಯಾರೂ ಮುಖವಾಡ ತೆಗೆದಿರಲಿಲ್ಲ. ಅವನ ಮುಖ ಬಿಳುಚಿತು. ಆಮೇಲೆ ಕೆಂಪಾಯಿತು.

"ಮುಖವಾಡಕ್ಕೆ ಕಣ್ಣಿನ ತೂತು ಇಡದೇ ಇದ್ದವಳು ಯಾರು?"

ಮೇಸ್ತ್ರಿ ಬೆರಳು ಮಾಡಿ ತೋರಿಸಿದ. ಕಣ್ಣಕ್ಕನನ್ನು ರಟ್ಟೆ ಹಿಡಿದು ಎಳೆದು ತಂದರು. ಯಜಮಾನರ ಮೆರವಣಿಗೆ ಕೆಡಿಸಲು ಇವಳು ಎದುರು ಪಕ್ಷದವರಿಂದ ದುಡ್ಡು ತಿಂದಿದ್ದಾಳೆ ಎಂದು ಶಾಲಿನವನು ಮೈಕಿನಲ್ಲಿ ಸಾರಿದ. ನರಳುತ್ತಿದ್ದವರು ನರಳುತ್ತಲೇ ಹೌದೆಂದು ಕೂಗಿದರು. ಅವರಿಗೆ ಅವಳು ಕಾಣುತ್ತಿರಲಿಲ್ಲ, ಕೂಗು ಯಾವ ಯಾವುದೋ ಕಡೆಗೆ ಹೋಯಿತು.

"ಕಟೌಟಿನ ಕಾಲಿಗೆ ಬೀಳೇ ಲೌಡಿ. ಕಣ್ಣು ಇಟ್ಟಿಲ್ಲ, ತಪ್ಪಾಯ್ತು ಅನ್ನು."

ಕಣ್ಣಕ್ಕ ಕಟೌಟನ್ನು ನೋಡಿದಳು. ಕಿತ್ತದ್ದಕ್ಕೂ ತಪ್ಪಾಯ್ತು, ಕೀಳದಿದ್ದದ್ದಕ್ಕೂ ತಪ್ಪಾಯ್ತು. ಹೊಟ್ಟೆಯೊಳಗಿನಿಂದ ಅದು ಮತ್ತೆ ಉಕ್ಕಿತು. ಈ ಸಲ ಅವಳು ಅದನ್ನು ಅಳುವಾಗಿ ತಿರುಗಿಸಲಿಲ್ಲ. ನಕ್ಕಳು. ಮೈಕು ಹತ್ತಿರವಿದ್ದುದರಿಂದ ಆ ನಗೆ ಮೈದಾನದ ತುಂಬ ಹಾರಿ, ಕಟೌಟಿಗೆ ಬಡಿದು ವಾಪಸು ಬಂತು. ಲಾರಿಯ ಬಳಿ ಗೋಂದಜ್ಜಿ ಶುರುಮಾಡಿದಳು. ಆಮೇಲೆ ಎಲ್ಲ ಹೆಂಗಸರೂ. ಯಾರೂ ಕೆಮ್ಮಲಿಲ್ಲ.

ರಟ್ಟೆ ಹಿಡಿದವರ ಕೈ ಸಡಿಲವಾಯಿತು. ಅವಳು ಕಟೌಟನ್ನು ದಾಟಿ ಹಳ್ಳದ ದಡಕ್ಕೆ ನಡೆದಳು. ಜೇಬಿನಿಂದ ಎರಡೂ ಅಚ್ಚು ತೆಗೆದು ಒಂದನ್ನು ಗೋಂದಜ್ಜಿಯ ಕಡೆಗೆ ಎಸೆದಳು.

"ಅಜ್ಜಿ, ಆ ತುದಿಯಿಂದ ಶುರುಮಾಡು. ಮುಖಕ್ಕೂ ರಟ್ಟಿಗೂ ನಡುವೆ ನಿನ್ನ ಕೈ ಇಟ್ಕೋ."

ಗಂಡ ಎಲ್ಲಿದ್ದಾನೆಂದು ಹುಡುಕಬೇಕಾಗಲಿಲ್ಲ. ನೂರಾರು ಯಜಮಾನರ ನಡುವೆಯೂ ಮೂಟೆ ಹೊತ್ತು ಒಂದು ಕಡೆಗೆ ವಾಲಿದ ಆ ಹೆಗಲು ಅವಳಿಗೆ ಗೊತ್ತು. ಅದೇ ಹೆಗಲು ಈಗ ಕೀಲು ಜಾರಿ ಜೋತಾಡುತ್ತಿತ್ತು. ಅವನು ದಡದ ಕೆಸರಿನಲ್ಲಿ ಕೂತು, ಯಜಮಾನರ ನಗೆ ನಗುತ್ತ, ಸದ್ದಿಲ್ಲದೆ ನಡುಗುತ್ತಿದ್ದ.

ಶಾಲಿನವನು ಮುಟ್ಟಬೇಡ ಎಂದು ಕಿರುಚುತ್ತಿದ್ದ. ಅವಳು ಮಂಡಿಯೂರಿ, ಮುಖವಾಡವನ್ನು ಮುಂದಕ್ಕೆಳೆದು, ಎಡ ಅಂಗೈಯನ್ನು ಒಳಗೆ ತೂರಿಸಿ ಅವನ ಕಣ್ಣಿಗೆ ಮರೆ ಮಾಡಿದಳು. ರೆಪ್ಪೆ ಅಂಗೈಯ ಹಿಂಬದಿಗೆ ತಾಗಿತು. ಅಚ್ಚನ್ನು ಯಜಮಾನರ ಕಣ್ಣಿನ ಮೇಲಿಟ್ಟು ಒತ್ತಿ ತಿರುವಿದಳು. ರಟ್ಟು ಹರಿದು ಅಚ್ಚು ಅವಳ ಅಂಗೈಯನ್ನೂ ಒಂದು ಸುತ್ತು ಕೊರೆಯಿತು. ಎರಡನೆಯ ಕಣ್ಣು. ಇನ್ನೊಂದು ಸುತ್ತು. ಹಿಂದೆ ಯಾರೋ ಅಯ್ಯೋ ಬೆಳಕು ಎಂದರು. ಗೋಂದಜ್ಜಿಯ ಗಿರಾಕಿ ಇರಬೇಕು. ಅವನು ಸುತ್ತಲೂ ನೋಡಿ, ತನ್ನಂತೆ ಕೆಸರು ಮೆತ್ತಿಕೊಂಡ ಅಷ್ಟೊಂದು ಯಜಮಾನರನ್ನು ಕಂಡು ಗೊಳ್ಳೆಂದು ನಗತೊಡಗಿದ್ದ.

ಕಣ್ಣಕ್ಕ ರಕ್ತದ ಕೈಯನ್ನು ಮೆಲ್ಲಗೆ ಹೊರಗೆಳೆದುಕೊಂಡು, ಎರಡು ಗುಂಡನೆಯ ತೂತುಗಳೊಳಗೆ ಬಗ್ಗಿ ನೋಡಿದಳು.

ಗಂಡ ಕಣ್ಣು ಮುಚ್ಚಿಕೊಂಡಿದ್ದ. ಬಿಗಿಯಾಗಿ, ಹುಬ್ಬು ಗಂಟಾಗುವಷ್ಟು ಬಿಗಿಯಾಗಿ.

ಮೈಕು ಕಿರುಚುತ್ತಲೇ ಇತ್ತು. ಅವಳನ್ನು ಹಿಡಿಯಬಂದವರ ಬೂಟುಗಳ ಸದ್ದು ಹತ್ತಿರ ಬರುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಮಗಳ ಕಣ್ಣಿಗೆ ಧೂಳು ಬಿದ್ದಾಗ ಮಾಡುವ ಹಾಗೆ ಅವನ ಗಲ್ಲ ಹಿಡಿದು, ಬಲಗಣ್ಣಿನ ತೂತಿಗೆ ಬಾಯಿ ಹತ್ತಿರ ತಂದು, ಉಫ್ ಎಂದು ಊದಿದಳು. ಆಮೇಲೆ ಎಡಗಣ್ಣಿನ ತೂತಿಗೆ. ಆಮೇಲೆ ಮತ್ತೆ ಬಲಗಣ್ಣಿನದಕ್ಕೆ.