ಬೂದು ಪೆಟ್ಟಿಗೆಯ ಪೆನ್ಸಿಲ್ ಗುರುತುಗಳು

ತನ್ನ ಕೆಲಸ ಏನೆಂದು ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯ ಕನ್ನಡದವರಿಗೆ ವಿವರಿಸುವಷ್ಟರಲ್ಲಿ ಮಧುರಾಗೆ ಸಾಕುಸಾಕಾಗುತ್ತಿತ್ತು. ಆರ್ಕೆಸ್ಟ್ರಾ ಎಂದ ಕೂಡಲೇ, ಗಣೇಶನ ಹಬ್ಬಕ್ಕೆ ಬುಕ್ ಮಾಡಬಹುದಾ ಎಂದು ಕೇಳುವವರೇ ಎಲ್ಲ. ಅವಳು ಹಾಡುವವಳೂ ಅಲ್ಲ, ನುಡಿಸುವವಳೂ ಅಲ್ಲ. ಹೊರದೇಶದಿಂದ ಬರುವ ವಾದ್ಯವೃಂದಗಳ ಸ್ವರದ ಹಾಳೆಗಳನ್ನು ಜೋಡಿಸಿ, ಸ್ಟ್ಯಾಂಡಿನ ಮೇಲಿಟ್ಟು, ಮುಗಿದ ಮೇಲೆ ಎತ್ತಿಡುವವಳು. ಮೈಸೂರಿನಲ್ಲಿ ಹನ್ನೆರಡು ವರ್ಷ ಪಿಟೀಲು ಕಲಿತವಳಿಗೆ ಇಷ್ಟಾದರೂ ನಂಟು ಉಳಿಯಿತಲ್ಲ ಎಂಬ ಸಮಾಧಾನ. ಈ ಸಲದ ಸಿಡ್ನಿ, ಮೆಲ್ಬರ್ನ್ ಸಂಗೀತ ಕಛೇರಿಗಳೂ ಚೆನ್ನಾಗಿ ಮುಗಿದರೆ ಕೆಲಸ ಪರ್ಮನೆಂಟ್ ಎಂದು ಏಜೆನ್ಸಿಯವರು ಮಾತು ಕೊಟ್ಟಿದ್ದರು.

ಈ ಸಲ ಬಂದದ್ದು ಫ್ರಾನ್ಸಿನ ಲಿಯಾನ್ ನಗರದ ತಂಡ. ಎತಿಯೆನ್ ಮಾರ್ಸೋ ಎಂಬ ಪಿಟೀಲುಗಾರ ಎಪ್ಪತ್ತು ವರ್ಷದ ಹಿಂದೆ, ಯುದ್ಧದಲ್ಲಿ ಅರ್ಧ ಬಿದ್ದಿದ್ದ ಶಾಲೆಯೊಂದರ ಊಟದ ಕೋಣೆಯಲ್ಲಿ ಕಟ್ಟಿದ್ದು. ಮುಂದೆ ನಿಂತು ಕೋಲಾಡಿಸುವ ಕಂಡಕ್ಟರ್ ಅವರಿಗಿಲ್ಲ. ರಾಮೋ, ಲೆಕ್ಲೇರರಂಥ ಮುನ್ನೂರು ವರ್ಷ ಹಿಂದಿನ ಫ್ರೆಂಚ್ ಸಂಗೀತಕಾರರ ಕೃತಿಗಳನ್ನು ನುಡಿಸುತ್ತಾರೆ. ಜೊತೆಗೆ ವರ್ಷಕ್ಕೊಂದು ಹೊಸ ಕೃತಿ ಬರೆಸುವುದು ಮಾರ್ಸೋ ಹಾಕಿಕೊಟ್ಟ ಪದ್ಧತಿ. ಹತ್ತು ಪಿಟೀಲುಗಳ ಹತ್ತು ಕಮಾನೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಆ ಏರಿಳಿತವನ್ನೆಲ್ಲ ಮಾರ್ಸೋ ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು.

ಸಿಡ್ನಿಯ ಕಛೇರಿ ಶನಿವಾರ ಮುಗಿಯಿತು. ಬಾಡಿಗೆಗೆ ತಂದ ಹಾಳೆಗಳನ್ನು ಹಿಂದಿರುಗಿಸುವ ಮುನ್ನ ಪೆನ್ಸಿಲ್ ಗುರುತನ್ನೆಲ್ಲ ಅಳಿಸಬೇಕು, ಈ ಕಸುಬಿನ ಕಟ್ಟುನಿಟ್ಟು ಅದು. ಭಾನುವಾರ ಮಧ್ಯಾಹ್ನ ಚಿತ್ರಾನ್ನ ತಿಂದು, ಮಧುರಾ ಊಟದ ಮೇಜಿನ ಮೇಲೆ ರಬ್ಬರ್ ಹಿಡಿದು ಕೂತಳು. ನೀಲಿ ಪೆಟ್ಟಿಗೆ ಬಾಡಿಗೆಯದು, ಬೂದು ಪೆಟ್ಟಿಗೆ ತಂಡದ್ದು. ನೀಲಿ ಮುಗಿಸಿ ಬೂದು ಪೆಟ್ಟಿಗೆಯನ್ನು ಸುಮ್ಮನೆ ತೆರೆದು ನೋಡಿದರೆ, ಒಂದು ಕಟ್ಟಿನ ಹಾಳೆಗಳ ಮೂಲೆಯಲ್ಲಿ 'ಬಾಡಿಗೆ ಪ್ರತಿ' ಎಂಬ ಫ್ರೆಂಚ್ ಮೊಹರು! ಯಾರೋ ತಪ್ಪು ಪೆಟ್ಟಿಗೆಗೆ ಹಾಕಿದ್ದಾರೆ ಎಂದುಕೊಂಡು ಅದನ್ನೂ ಅಳಿಸಿದಳು. ಒಳ್ಳೆಯ ಕೆಲಸಗಾರ್ತಿ ನೋಡಿ, ಗೀರೂ ಉಳಿಯದಂತೆ ಅಳಿಸಿದಳು.

ಕಟ್ಟಿನ ತಳದಲ್ಲಿ ಒಂದು ಚೀಟಿ ಇತ್ತು. ಬಾಡಿಗೆಗೆ ತಂದು ಆಮೇಲೆ ಕೊಂಡದ್ದು, ಮಾರ್ಸೋ ಗುರುತುಗಳಿರುವ ಒಂದೇ ಪ್ರತಿ, ಅಳಿಸಕೂಡದು. ಮಾರ್ಸೋ ತೀರಿಕೊಂಡ ಮೇಲೆ ಮೂವತ್ತು ವರ್ಷ ಯಾರೂ ನುಡಿಸದಿದ್ದ ಆ ಕಟ್ಟಿನ ಕೃತಿಯನ್ನು ತಂಡ ಮೆಲ್ಬರ್ನ್‌ನಲ್ಲಿ ಮತ್ತೆ ಎತ್ತಿಕೊಳ್ಳುವುದಿತ್ತು. ಮಧುರಾ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು, ಒಂದು ಗೆರೆಯೂ ಕಾಣಲಿಲ್ಲ.

"ಪೆನ್ಸಿಲ್ ಗೆರೆ ತಾನೇ?" ಎಂದ ಗಂಡ ಇಂದ್ರೇಶ್, ಮೇಜಿನ ಮೇಲಿನ ರಬ್ಬರ್ ಪುಡಿಯನ್ನು ಬಟ್ಟೆಯಿಂದ ಒರೆಸುತ್ತಾ. "ಫ್ರಾನ್ಸ್‌ನಿಂದಾನೇ ಹಂಗ್ ಬಂತು ಅಂದ್ಬಿಡು. ಪರ್ಮನೆಂಟ್ ಆಗೋ ಟೈಮಲ್ಲಿ ನೀನೇ ಹೋಗಿ ತಲೆ ಕೊಡ್ತೀಯಾ?"

ಅವಳು ಹಾಳೆಗಳನ್ನು ಕಟ್ಟಿ ಬೂದು ಪೆಟ್ಟಿಗೆಗೇ ಹಾಕಿಟ್ಟಳು.

ಮೆಲ್ಬರ್ನ್‌ಗೆ ಹೋಗಿ ಅಲ್ಲಿನ ವೆರಿಬೀ ಬಡಾವಣೆಯಲ್ಲಿ ಗೆಳತಿ ಅನಘಾಳ ಮನೆಯಲ್ಲಿ ಉಳಿದಳು. ಮಂಗಳವಾರ ಬೆಳಿಗ್ಗೆ ಸಭಾಂಗಣಕ್ಕೆ ಎಲ್ಲರಿಗಿಂತ ಮೊದಲು ಬಂದವರು ಕ್ಲೋದಿನ್. ಎಪ್ಪತ್ತಾರು ವರ್ಷದ ಪಿಟೀಲುಗಾರ್ತಿ. ಮಾರ್ಸೋ ಜೊತೆ ನುಡಿಸಿದವರಲ್ಲಿ ಉಳಿದವರು ಅವರೊಬ್ಬರೇ. ಸ್ಟ್ಯಾಂಡಿನ ಮೇಲಿದ್ದ ಆ ಕೃತಿಯ ಹಾಳೆ ಮಗುಚಿದರು, ಮತ್ತೊಂದು ಮಗುಚಿದರು.

"ನಮ್ಮ ಆಫೀಸಿನವರು ಖಾಲಿ ಪ್ರತಿ ಕಳಿಸಿದ್ದಾರೆ," ಎಂದರು ಇಂಗ್ಲಿಷಿನಲ್ಲಿ. "ಹೋಗಲಿ, ಮೂಲ ಲಿಯಾನ್‌ನಲ್ಲಿ ಭದ್ರವಾಗಿದೆಯಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮಧುರಾ ಹೌದೆನ್ನುವುದೂ ಬೇಕಿರಲಿಲ್ಲ. ಆದರೆ ಆ ಮುದುಕಿಯ ಮುಖದ ನೆಮ್ಮದಿ ನೋಡಿ ಅವಳು ಸುಮ್ಮನಿರಲಾರದಾದಳು.

"ಇದೇ ಮೂಲ," ಎಂದಳು. "ನಾನೇ ಅಳಿಸಿದೆ."

ಕ್ಲೋದಿನ್ ಕುರ್ಚಿ ಎಳೆದು ಕೂತರು. ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ. ಪಿಟೀಲು ಕೈಗೆತ್ತಿಕೊಂಡು, "ಪೆನ್ಸಿಲ್ ಇದೆಯಾ?" ಎಂದರು.

ಕಣ್ಣು ಮುಚ್ಚಿ ಅವರು ನುಡಿಸುತ್ತಾ ಹೋದರು, ಕಮಾನು ಏರಿದಲ್ಲಿ ಏರು, ಇಳಿದಲ್ಲಿ ಇಳಿ ಎಂದು ಮಧುರಾ ಗುರುತು ಹಾಕುತ್ತಾ ಹೋದಳು. ಕೊನೆಯ ಪುಟದಲ್ಲಿ ಕಮಾನು ನಿಂತಿತು. ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಬೇರೆ ಬೇರೆ ಬಂತು.

"ಇಲ್ಲಿ ಎತಿಯೆನ್ ಏನೋ ವಿಚಿತ್ರ ಮಾಡಿದ್ದರು. ಹಾಳೆಯಲ್ಲಿ ಇದೆಯಲ್ಲ ಅಂತ ನಾನು ನೆನಪಿಟ್ಟುಕೊಳ್ಳಲಿಲ್ಲ."

"ಯಾವುದಾದರೂ ಒಂದು ಗುರುತು ಹಾಕಲೇ? ಎಲ್ಲರದೂ ಒಟ್ಟಿಗೆ ಬರುತ್ತದೆ."

"ಬೇಡ. ಅವರದಲ್ಲದ್ದನ್ನು ಅವರದು ಎಂದು ಬರೆಯಬೇಡ. ಆ ಜಾಗ ಖಾಲಿ ಇರಲಿ."

ಏಜೆನ್ಸಿಯ ಮ್ಯಾನೇಜರಿಗೂ ಮಧುರಾ ತಾನೇ ಹೇಳಿದಳು. ಪರ್ಮನೆಂಟ್ ಮಾತು ಅಲ್ಲಿಗೆ ಮುಗಿಯಿತು. ಹಾಳೆ ಜೋಡಿಸಲು ಬೇರೆಯವರು ಬಂದರು.

ಬುಧವಾರ ಮಧ್ಯಾಹ್ನದ ಕಛೇರಿಗೆ ಅವಳು ಅನಘಾಳ ಪಕ್ಕದಲ್ಲಿ, ಕೇಳುಗರ ನಡುವೆ ಕೂತಿದ್ದಳು. ಪುಟದ ಮೇಲೆ ಪುಟ ಹತ್ತು ಕಮಾನುಗಳೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ಕೊನೆಯ ಪುಟ ಬರುತ್ತಿದ್ದಂತೆ ಮಧುರಾ ಸೀಟಿನ ಕೈ ಗಟ್ಟಿಯಾಗಿ ಹಿಡಿದಳು. ಆ ಜಾಗ ಬಂತು. ಒಂದು ಕಮಾನು ಮೇಲೆ, ಒಂದು ಕೆಳಗೆ, ಇನ್ನೊಂದು ಅರ್ಧದಲ್ಲಿ. ಎಪ್ಪತ್ತು ವರ್ಷ ಒಂದಾಗಿ ನಡೆದ ತಂಡ ನಾಲ್ಕು ಉಸಿರಿನಷ್ಟು ಹೊತ್ತು ಚೆಲ್ಲಾಪಿಲ್ಲಿಯಾಗಿ, ಮತ್ತೆ ಕೂಡಿಕೊಂಡಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ಕೊನೇಲಿ ಎಲ್ರೂ ಬೇರೆಬೇರೆ ಹೋದ್ರಲ್ಲ, ಅದು ಎಷ್ಟ್ ಚೆನ್ನಾಗಿತ್ತು ಕಣೇ!" ಎಂದಳು ಅನಘಾ, ಚಪ್ಪಾಳೆ ನಿಲ್ಲಿಸದೆ. "ಅದನ್ನ ಆ ಮಾರ್ಸೋನೇ ಮಾಡಿದ್ದಾ?"

"ಅಲ್ಲ," ಎಂದಳು ಮಧುರಾ. "ಅದು ನಾನ್ ಮಾಡಿದ್ದು."