ಹಲಗೆಯ ಎಡಮೂಲೆ

೧
ಎಲ್ಲಿಂದ ಶುರು ಮಾಡುವುದು? ತರಗತಿಯಿಂದ ಶುರು ಮಾಡಿದರೆ ಮನೆಯಲ್ಲಿ ಕೂತು ಸ್ಕ್ರೀನ್ ನೋಡುವವರಿಗೆ ಅನ್ಯಾಯ, ಸ್ಕ್ರೀನಿನಿಂದ ಶುರು ಮಾಡಿದರೆ ಬೆಂಚಿನವರಿಗೆ. ಓದುಗರೇ, ನೀವು ಎಲ್ಲಿ ಕೂತಿದ್ದೀರಿ ಎಂಬುದೂ ನನಗೆ ಗೊತ್ತಿಲ್ಲ. (ನಿಮ್ಮ ಕ್ಯಾಮೆರಾ ಆಫ್ ಇದೆ.)

೨
ಮೊದಲ ಡ್ರಾಫ್ಟಿನಲ್ಲಿ ಒಬ್ಬ ಆದರ್ಶ ಶಿಕ್ಷಕಿ ಇದ್ದಳು. ಹರಿದು ಹಾಕಿದೆ. ಈಗಿರುವವಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಗುತ್ತಿಗೆ ಮೇಡಂ. ಎದುರಿಗೆ ಇಪ್ಪತ್ತೆರಡು ಜನ, ಲ್ಯಾಪ್‌ಟಾಪಿನೊಳಗೆ ಹದಿನಾಲ್ಕು. ಪ್ರತಿ ಪಾಠವೂ ರೆಕಾರ್ಡ್ ಆಗಿ ಪ್ರಿನ್ಸಿಪಾಲರ ಬಳಿ ಸೇರುತ್ತದೆ. ಪಕ್ಕದ ಕೋಣೆಯಲ್ಲಿ ಅರ್ಥಶಾಸ್ತ್ರದ ಸರ್ ಪರದೆಯ ಮೇಲೆ ಈಗಲೂ ಪಾಠ ಮಾಡುತ್ತಿದ್ದಾರೆ. ಅವರನ್ನು ಕೆಲಸದಿಂದ ತೆಗೆದು ಎಂಟು ತಿಂಗಳಾಯಿತು.

೩
ನನಗೊಂದು ಗುಮಾನಿ. ಪ್ರತಿ ಪಾಠದಲ್ಲೂ ಒಂದು ಸಾಲನ್ನು, ಅದೂ ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಹೇಳುವ ಸಾಲನ್ನೇ, ಮೇಡಂ ಹಲಗೆಯ ಎಡಮೂಲೆಯಲ್ಲಿ ಬರೆಯುತ್ತಾಳೆ. ಕ್ಯಾಮೆರಾದ ಕಣ್ಣು ಅಲ್ಲಿಗೆ ಮುಟ್ಟುವುದಿಲ್ಲ. ಬರೆದದ್ದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಸೀಮೆಸುಣ್ಣದಿಂದ ಎರಡು ಸಲ ಕುಟ್ಟುತ್ತಾಳೆ. ಬೆಂಚಿನವರು ಬರೆದುಕೊಳ್ಳುತ್ತಾರೆ.

"ಬೇಕಂತಲೇ ಮಾಡ್ತಿದ್ದೀರಾ?" ಎಂದು ಕೇಳಿಯೇ ಬಿಟ್ಟೆ.

"ಜಾಗ ಇದ್ದಲ್ಲಿ ಬರೀತೀನಪ್ಪ."

"ಬಲಗಡೆ ಪೂರ್ತಿ ಖಾಲಿ ಇದೆ."

"ನಿಮ್ಮನ್ನ ಯಾರು ಕಳಿಸಿದ್ರು? ಪ್ರಿನ್ಸಿಪಾಲರಾ?" ಆಮೇಲೆ ದನಿ ತಗ್ಗಿಸಿದಳು. "ಅರ್ಥಶಾಸ್ತ್ರದ ಸರ್ ಎಲ್ಲಾನೂ ಬಿಡಿಸಿ ಬಿಡಿಸಿ ಹೇಳಿದ್ರು. ಏನಾಯ್ತು? ನನ್ನ ವಿಡಿಯೊ ಒಂದೇ ಸಾಕು ಅಂತಾದ್ರೆ ನಾನ್ಯಾಕೆ ಬೇಕು ಇವ್ರಿಗೆ?"

ಅಯ್ಯೋ ಪಾಪ ಅನ್ನಿಸಿತು. (ಕಥೆಗಾರರು ಬೇಗ ಕರಗುತ್ತಾರೆ. ನೀವು ಹುಷಾರಾಗಿರಿ.)

೪
ಈ ಭಾಗದಲ್ಲಿ ಪ್ರಿನ್ಸಿಪಾಲರು ಬಂದು, ತಾವು ಅಂಥವರಲ್ಲವೆಂದು ಎರಡು ಪುಟ ಮಾತಾಡಿದರು. ಹೊಡೆದು ಹಾಕಿದ್ದೇನೆ.

೫
ಒಂದು ಮುಕ್ತಾಯ: ಮೇಡಂ ಗುತ್ತಿಗೆ ಮುಂದುವರಿಯಿತು, ಎಲ್ಲರೂ ಪಾಸು. ನಾನೇ ನಂಬುವುದಿಲ್ಲ.

ಇನ್ನೊಂದು: ಮೇಡಂ ಮನಸ್ಸು ಬದಲಾಗಿ, ತಾನೇ ಎದ್ದು ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿದಳು.

"ಕೆಲಸ ಹೋಗೋದು ನಿಮ್ಮದಲ್ವಲ್ಲ, ಆರಾಮಾಗಿ ತಿರುಗಿಸ್ತೀರಿ" ಎಂದು ನನ್ನನ್ನು ಬೈದು, ಮೇಡಂ ಅದನ್ನು ಮೊದಲಿನಂತೆಯೇ ಇಟ್ಟಳು.

೬
ಮೂರನೆಯದನ್ನು ಯೋಚಿಸುವ ಮೊದಲೇ ತರಗತಿಯ ಬಾಗಿಲು ತೆರೆಯಿತು. ಲ್ಯಾಪ್‌ಟಾಪಿನ ಹದಿನಾಲ್ಕು ಜನರಲ್ಲಿ ಒಬ್ಬಳು, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುತ್ತಲೇ ಓದುವವಳು, ಈವರೆಗಿನ ಎರಡೂ ಟೆಸ್ಟಿನಲ್ಲಿ ಫೇಲಾದವಳು, ರಜೆ ಹಾಕಿ ಬಂದಿದ್ದಳು. (ನಾನು ಕರೆದಿರಲಿಲ್ಲ.) ಮುಂದಿನ ಬೆಂಚಿನಲ್ಲಿ ಕೂತು ಎಡಮೂಲೆಯನ್ನು ನೋಡಿದಳು. ಬರೆದುಕೊಳ್ಳಲಿಲ್ಲ.

"ಈ ಸಾಲು ಯಾವತ್ತಿಂದ ಬರೀತಿದ್ದೀರಿ, ಮೇಡಂ?"

ಮೇಡಂ ಸೀಮೆಸುಣ್ಣ ಕೆಳಗಿಟ್ಟಳು. ಪಕ್ಕದಲ್ಲಿ ಕೂತವಳು ಹೇಳಿದಳು: "ಮೊದಲ್ನೇ ಕ್ಲಾಸಿಂದಾನೂ ಬರೀತಾರಲ್ಲ!"

"ಡ್ಯೂಟಿ ಮುಗಿಸ್ಕೊಂಡು ಒಂದೊಂದು ವಿಡಿಯೊನೂ ಮೂರು ಮೂರು ಸಲ ನೋಡ್ತಿದ್ದೆ, ಮೇಡಂ" ಎಂದಳು ಲ್ಯಾಬಿನವಳು. "ನಾನೇ ದಡ್ಡಿ ಅಂದ್ಕೊಂಡಿದ್ದೆ."

೭
ಮೇಡಂ ನನ್ನ ಕಡೆ ತಿರುಗಿದಳು. "ಏನಾದ್ರೂ ಬರೀರಿ, ಸರ್. ನನ್ನ ಬಾಯಿಗೆ ಒಂದು ಮಾತು ಕೊಡಿ."

ತಪ್ಪನ್ನು ಕ್ಯಾಮೆರಾದ ಮೇಲೆ ಹಾಕಿಸಬಹುದಿತ್ತು. ಪ್ರಿನ್ಸಿಪಾಲರ ಮೇಲೆ ಹಾಕಿಸಬಹುದಿತ್ತು. ಕ್ಷಮೆ ಕೇಳಿಸಬಹುದಿತ್ತು. ಮೂರನ್ನೂ ಬರೆದು ನೋಡಿದೆ, ಮೂರರ ಮೇಲೂ ನನಗೇ ಅನುಮಾನ ಬಂತು, ಅಳಿಸಿದೆ. ಹೆದರಿಕೆ ಅವಳದು, ಮಾಡಿದ್ದೂ ಅವಳೇ. ಮಾತನ್ನು ಮಾತ್ರ ನಾನೇಕೆ ಕೊಡಲಿ?

ರೆಕಾರ್ಡಿಂಗ್ ನಡೆಯುತ್ತಲೇ ಇದೆ. ಲ್ಯಾಬಿನವಳು ಕಾಯುತ್ತಿದ್ದಾಳೆ.