ಹಳೆ ಕಾರಿನ ಕಿಣಿಕಿಣಿ

ರಾತ್ರಿ ಲಾಡ್ಜಿಗೆ ಹಿಂತಿರುಗುವಾಗ ಪ್ರತಿ ತಿರುವಿನಲ್ಲೂ ಕಿಣ್ ಎಂಬ ಸಣ್ಣ ಸದ್ದು ಕೇಳುತ್ತಿತ್ತು. ಪರದೇಶ ಸುತ್ತಲು ಬಂದ ಗಂಡ ಹೆಂಡತಿ ಆ ಸಂಜೆಯಷ್ಟೇ ಅಲ್ಲಿ ನೆಲೆಸಿದ್ದ ಒಬ್ಬ ಕನ್ನಡದ ಕ್ಷೌರಿಕನಿಂದ ಕೊಂಡ ಹಳೆ ಕಾರು ಅದು.

"ನಮಗೆ ಟೋಪಿ ಹಾಕಿದ ರೀ," ಎಂದಳು ಅವಳು.

"ಹಳೇ ಗಾಡಿ ಕಣೆ, ಮಂಡಿನೋವು ಇದ್ದೇ ಇರುತ್ತೆ."

"ನಿಮಗೆ ಜಗಳ ಆಡೋಕೆ ಬರಲ್ಲ. ನಾಳೆ ನಾನೊಬ್ಬಳೇ ಹೋಗ್ತೀನಿ."

ಬೆಳಿಗ್ಗೆ ಅಂಗಡಿಯ ತುಂಬ ಗಿರಾಕಿಗಳಿದ್ದರು. ಅವರೆದುರೇ ಅವಳು ಕ್ಷೌರಿಕನನ್ನು ಮೋಸಗಾರನೆಂದು ಹಿಗ್ಗಾಮುಗ್ಗಾ ಬೈದಳು. ಕುರ್ಚಿಯಲ್ಲಿದ್ದವನು ಅರ್ಧ ಗಡ್ಡದಲ್ಲೇ ಎದ್ದುಹೋದ. ಕ್ಷೌರಿಕ ಕೈಯ ನೊರೆ ಒರೆಸಿಕೊಂಡು, "ನೀವಿಲ್ಲೇ ಇರಿ ತಾಯಿ," ಎಂದು ಕಾರನ್ನು ಒಂದು ಸುತ್ತು ಓಡಿಸಿ ಬಂದ. ಆಮೇಲೆ ರಸ್ತೆಯಲ್ಲೇ ಅಂಗಾತ ಮಲಗಿ ಕಾರಿನಡಿ ತಡಕಾಡಿದ. ಬಿಳಿ ಅಂಗಿಯ ಬೆನ್ನೆಲ್ಲ ಮಸಿಯಾಯಿತು.

"ನನಗೇನೂ ಕೇಳಿಸ್ಲಿಲ್ಲ. ಸಮಾಧಾನ ಇಲ್ಲ ಅಂದ್ರೆ ಗಾಡಿ ಬಿಟ್ಟುಹೋಗಿ, ದುಡ್ಡು ಕೊಟ್ಬಿಡ್ತೀನಿ."

ಅವಳು ಕೈಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಕಿಣ್ ಎಂದಿತು.

ಸದ್ದು ಮಾಡಿದ್ದು ಚೀಲದೊಳಗಿನ ಸ್ಟೀಲ್ ಡಬ್ಬಿ, ದಾರಿಯಲ್ಲಿ ವಾಂತಿ ಬಾರದಿರಲೆಂದು ಅತ್ತೆ ಲವಂಗ ತುಂಬಿಕೊಟ್ಟಿದ್ದು. ಅದರ ಮುಚ್ಚಳ ಸಡಿಲವಾಗಿತ್ತು. ಅವಳು ಚೀಲವನ್ನು ಎದೆಗವಚಿಕೊಂಡಳು. "ಇರ್ಲಿ ಬಿಡಿ," ಎಂದಷ್ಟೇ ಬಾಯಿಂದ ಬಂತು. ಗಿರಾಕಿಗಳು ಇನ್ನೂ ಕ್ಷೌರಿಕನನ್ನೇ ಕಳ್ಳನಂತೆ ನೋಡುತ್ತಿದ್ದರು.

ಮಧ್ಯಾಹ್ನ ಹೊರಟಾಗ ಗಂಡ ತಿರುವಿನಲ್ಲಿ ಕಿವಿಗೊಟ್ಟ. "ಸದ್ದೇ ಇಲ್ಲ. ನೀನು ದಬಾಯಿಸದಿದ್ರೆ ಅವನು ರಿಪೇರಿ ಮಾಡ್ತಿದ್ನಾ?"

ಅವಳು ಒಪ್ಪಿದವಳಂತೆ ತಲೆಯಾಡಿಸಿದಳು. ಡಬ್ಬಿ ಕರವಸ್ತ್ರದೊಳಗೆ ಬಿಗಿಯಾಗಿ ಸುತ್ತಿಕೊಂಡು ಕೂತಿತ್ತು. ಇದನ್ನು ಗಂಡನಿಗಷ್ಟೇ ಅಲ್ಲ, ಡಬ್ಬಿ ಕೊಟ್ಟ ಅತ್ತೆಗೂ, ಇನ್ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿಬಿಟ್ಟಿದ್ದಳು.